ಪಕ್ಕದ ಮನೆಯವರ ಸಹಿ

ಬೇಡ ಅನ್ನೋದಕ್ಕೆ ಜಾವಾದ ಈ ಸೋಲೊ ಊರಿನ ಜನಕ್ಕೆ ಬಾಯೇ ಬರೋದಿಲ್ಲ. ಕತ್ತಿನವರೆಗೆ ತಿಂದಿರುತ್ತಾರೆ, ಮತ್ತೆ ಬಡಿಸಿದರೆ ಮತ್ತೆ ತಟ್ಟೆ ಒಡ್ಡುತ್ತಾರೆ. ನಾನು ಹಾಗಲ್ಲ. ನಾನು ಸುಮಾತ್ರಾದ ಸಿಯಂತಾರ್ ಕಡೆಯ ಬತಾಕ್ ಹೆಣ್ಣು. ನಮ್ಮಲ್ಲಿ ಬೇಡ ಅಂದರೆ ಬೇಡ, ಅಲ್ಲಿಗೆ ಮುಗಿಯಿತು. ಜತ್ಮಿಕೊನನ್ನು ಚರ್ಚಿನಲ್ಲಿ ಮದುವೆಯಾಗಿ ಈ ಜಾವಾದವರ ಓಣಿಗೆ ಬಂದು ಹತ್ತು ವರ್ಷದ ಮೇಲಾಯಿತು. ಅಷ್ಟೂ ವರ್ಷ ನಮ್ಮತ್ತೆ ಕಸ್ತೀನಾ ಹೇಳಿಕೊಂಡು ಬಂದದ್ದು ಒಂದೇ ಮಾತು.

"ತಿಯುರ್ಮಾ, ಸ್ವಲ್ಪ ಮೆಲ್ಲಗೆ. ನೀನು ಉಪ್ಪು ಕೇಳಿದ್ರೂ ಓಣಿಯವರು ಜಗಳ ಅಂದ್ಕೋತಾರೆ."

ಬಂದವರಿಗೆ 'ಮೊಂಗೊ' ಅನ್ನುವುದಕ್ಕೂ ನನಗೆ ಪಾಠ ಆಗಿತ್ತು. ಬನ್ನಿ ಅನ್ನೋದಕ್ಕೂ ಈ ಊರಲ್ಲಿ ಮೊಂಗೊ, ಹೋಗಿಬನ್ನಿ ಅನ್ನೋದಕ್ಕೂ ಮೊಂಗೊ. ಕೂತ್ಕೊಳ್ಳಿ, ತಗೊಳ್ಳಿ, ಆಗಲಿ, ನಿಮ್ಮಿಷ್ಟ ಎಲ್ಲವೂ ಅದೇ. "ನೀನು ಮೊಂಗೊ ಅಂದ್ರೆ ಎದ್ದು ಆಚೆ ನಡಿ ಅಂದ ಹಾಗಿರುತ್ತೆ," ಅಂತ ಅತ್ತೆ ಮುಖ ಗಂಟಿಕ್ಕುತ್ತಿದ್ದರು. ನನ್ನ ಗಂಟಲೇ ಹಾಗೆ, ಏನು ಮಾಡಲಿ?

ಇಷ್ಟೆಲ್ಲ ಶುರುವಾದದ್ದು ಬಚ್ಚಲಿನಿಂದ. ಮಾವ ದರ್ಸೋನೊ ರೈಲ್ವೆಯಲ್ಲಿ ಟಿಕೆಟ್ ಕೊಡುವ ಗುಮಾಸ್ತರಾಗಿ ನಿವೃತ್ತರಾದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗಾಲು, ಎಡಗೈ ಎರಡೂ ಹೇಳಿದ ಮಾತು ಕೇಳದ ಹಾಗಾದವು. ನಮ್ಮ ಬಚ್ಚಲು, ಕಕ್ಕಸು ಎರಡೂ ಒಂದೇ ಕೋಣೆ, ಅಡುಗೆಮನೆಯ ಹಿಂದೆ, ಪಾಚಿ ಹಿಡಿದ ಮೆಟ್ಟಿಲಿಳಿದು ಹೋಗಬೇಕು, ಹೋದರೆ ಕುಕ್ಕರುಗಾಲಲ್ಲಿ ಕೂರಬೇಕು. ಮಾವ ಅಲ್ಲಿ ಒಂದು ಸಲ ಬಿದ್ದು ಹುಬ್ಬು ಒಡೆದುಕೊಂಡರು. ಇನ್ನೊಂದು ಸಲ ಬಿದ್ದರೆ ಸೊಂಟ ಉಳಿಯೋದಿಲ್ಲ ಅಂದರು ಡಾಕ್ಟರು. ಮಲಗುವ ಕೋಣೆಗೆ ಅಂಟಿದ ಹಾಗೆ ಬಚ್ಚಲು, ಕುರ್ಚಿಯ ಹಾಗೆ ಕೂರುವ ಕಮೋಡು, ಗೋಡೆಗೆ ಹಿಡಿದುಕೊಳ್ಳೋಕೆ ಕಬ್ಬಿಣದ ಸರಳು, ಇಷ್ಟು ಮಾಡಿ ಅಂದರು.

ಜಾಗ ಇತ್ತು. ಮಾವನ ಕೋಣೆಗೂ ಎಡಗಡೆ ಮನೆಯ ಮರ್ಗೋನೊ ಅವರ ಗೋಡೆಗೂ ನಡುವೆ, ಹಳೆ ಸೈಕಲ್ಲು, ಒಡೆದ ಕುಂಡಗಳು ತುಂಬಿದ ಒಂದು ಸಂದಿ. ಹಿಂದಿನ ಹಳೆ ಬಚ್ಚಲು ಒಡೆದರೆ ಅತ್ತೆಗೆ ಅಡುಗೆಮನೆ ದೊಡ್ಡದಾಗುತ್ತದೆ. ಅವರು ಬೆಳಗಾಗುವ ಮೊದಲೇ ತೆಂಗಿನ ಹಾಲಲ್ಲಿ ಅನ್ನ ಬೇಯಿಸಿ ಓಣಿಯ ಬಾಯಲ್ಲಿ ಮಾರುತ್ತಾರೆ. ಪಾತ್ರೆ ಇಡೋಕೂ ಜಾಗವಿಲ್ಲದೆ ಒದ್ದಾಡುತ್ತಿದ್ದರು.

ನಕ್ಷೆ ಬರೆಸಿಕೊಂಡು ನಾನೇ ಪರವಾನಿಗೆ ಕೊಡುವ ಕಚೇರಿಗೆ ಹೋದೆ. ಜತ್ಮಿಕೊಗೆ ಬಾತಿಕ್ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆಯಲ್ಲಿ ಕೆಲಸ, ರಜೆ ಕೇಳೋಕೂ ಸಂಕೋಚ. ಕೌಂಟರಿನ ಹುಡುಗಿ ಕಾಗದಗಳನ್ನೆಲ್ಲ ತಿರುವಿ ನೋಡಿದಳು.

"ಎಡಗಡೆ ಮನೆಯವರ ಸಹಿ ಎಲ್ಲಿ?"

"ಅವರ ಗೋಡೆ ಮುಟ್ಟೋದಿಲ್ಲಮ್ಮ. ಒಂದು ಗೇಣು ಬಿಟ್ಟಿದ್ದೀವಿ."

"ಗೇಣು ಬಿಟ್ರೆ ಆ ಗೇಣಿಗೂ ಸಹಿ ಬೇಕು. ಅಭ್ಯಂತರ ಇಲ್ಲ ಅಂತ ಅವರು ಬರ್ಕೊಡಬೇಕು. ಓಣಿ ಮುಖಂಡರ ಮೊಹರೂ ಬೇಕು. ತಂದ ಮೇಲೆ ಬನ್ನಿ."

"ಪಕ್ಕದ ಮನೆ ತಾನೇ, ಇವತ್ತೇ ತರ್ತೀನಿ," ಅಂದೆ. ಎಂಥ ದಡ್ಡಿ ನಾನು!

ಸಹಿ ನಾನೇ ಕೇಳಿಬರುತ್ತೇನೆ ಅಂದರೆ ಅತ್ತೆ, ಮಾವ, ಗಂಡ ಮೂವರೂ ಒಟ್ಟಿಗೆ ಬೇಡ ಅಂದರು. ನೋಡಿ, ನನಗೆ ಹೇಳುವಾಗ ಮಾತ್ರ ಎಲ್ಲರಿಗೂ ಬೇಡ ಅನ್ನೋದು ಬರುತ್ತದೆ.

"ನಾನು ಹೋಗ್ತೀನಿ. ಮರ್ಗೋನೊ ನನ್ನ ಗೆಳೆಯ," ಅಂದರು ಮಾವ. ಒಳ್ಳೆ ಬಾತಿಕ್ ಅಂಗಿ ಹಾಕಿಸಿಕೊಂಡರು. ಬಾಳೆಹಣ್ಣಿನ ಚಿಪ್ಪು ಕಟ್ಟಿಸಿಕೊಂಡರು. ಕೋಲೂರಿಕೊಂಡು, ನಾಲ್ಕು ಹೆಜ್ಜೆಯ ಪಕ್ಕದ ಮನೆಗೆ ಮದುವೆಗೆ ಹೊರಟವರ ಹಾಗೆ ಹೋದರು. ಕಾಗದ ನಾನು ಜೇಬಿಗೆ ತುರುಕಿದೆ. ಸಂಜೆ ಬಂದಾಗ ಅದು ಮಡಿಕೆ ಬಿಚ್ಚದೆ ಜೇಬಲ್ಲೇ ಇತ್ತು.

ಊಟಕ್ಕೆ ಕೂತೆವು. ಹುರಿದ ಸೋಯಾ ಕಾಳಿನ ತೆಂಪೆ, ತೆಂಗಿನ ಹಾಲು ಹಾಕಿದ ತರಕಾರಿ ಸಾರು. ಖಾರದ ಸಂಬಲ್ ಚಟ್ನಿ ನನ್ನ ಮುಂದೆ ಮಾತ್ರ.

"ಏನಂದ್ರು ಅಪ್ಪಾ?" ಜತ್ಮಿಕೊ ಕೇಳಿದ.

"ಮೊಂಗೊ ಅಂದ."

"ಸಹಿ?" ಅಂದೆ ನಾನು.

"ಮೊಂಗೊ ಅಂದನಲ್ಲಮ್ಮ."

"ಅದು ಕೇಳಿಸ್ತು ಮಾವಾ. ಕಾಗದದ ಮೇಲೆ ಸಹಿ ಹಾಕಿದ್ರಾ?"

ಅತ್ತೆ ಸೌಟನ್ನು ಪಾತ್ರೆಗೆ ಕುಟ್ಟಿದರು. "ಉಣ್ಣೋ ಹೊತ್ತಲ್ಲಿ ಪೊಲೀಸರ ಥರ ವಿಚಾರಣೆ ಮಾಡ್ಬೇಡ."

"ನಲವತ್ತು ವರ್ಷದ ಗೆಳೆತನ," ಅಂದರು ಮಾವ. "ನಿನ್ನ ಬಾಯಿಮಾತು ಸಾಲದು, ಬರ್ಕೊಡು ಅಂತ ಮುಖ ನೋಡ್ಕೊಂಡು ಕೇಳೋಕಾಗುತ್ತಾ? ಕಾಗದ ಆಮೇಲೆ ಆಗುತ್ತೆ."

ನನ್ನ ಮಗಳು ಸೆಕಾರ್ ಮೂರನೇ ಕ್ಲಾಸು, ಬಾಯಿ ಮಾತ್ರ ನನ್ನದೇ. "ತಾತಾ, ಮೊಂಗೊ ಅಂದ್ರೆ ಹೂಂ ಅಂತಾನಾ, ಊಹೂಂ ಅಂತಾನಾ?"

ಮಾವ ನಕ್ಕುಬಿಟ್ಟರು. "ಮೊಂಗೊ ಅಂದ್ರೆ ಮೊಂಗೊ ಪುಟ್ಟಿ. ಹೇಳಿದವನಿಗೆ ಗೊತ್ತು, ಕೇಳಿಸ್ಕೊಂಡವನಿಗೆ ಗೊತ್ತು."

ಗಾರೆ ಕೆಲಸದ ಸರ್ಮಿನ್ ಆ ವಾರವೇ ಬಿಡುವಾಗಿದ್ದ. ಬಿಟ್ಟರೆ ಭತ್ತದ ಕೊಯ್ಲಿಗೆ ಊರಿಗೆ ಹೋಗುತ್ತಾನೆ, ಮತ್ತೆ ಸಿಗೋದು ಯಾವಾಗಲೋ. ಪರವಾನಿಗೆ ಕೈಗೆ ಬರಲಿ ಅಂದೆ ನಾನು.

"ಈ ಓಣೀಲಿ ಯಾರು ಕಾಗದ ಬಂದ್ಮೇಲೆ ಕಟ್ಟಿದ್ದಾರೆ?" ಅಂದ ಜತ್ಮಿಕೊ. "ಎಲ್ಲರೂ ಕಟ್ಕೊಂಡೇ ಅರ್ಜಿ ಓಡಿಸೋದು. ಪಕ್ಕದವರು ಒಪ್ಪಿದ್ರೆ ಯಾರು ಬಂದು ಕೇಳ್ತಾರೆ?"

"ಒಪ್ಪಿದ್ದಾರೆ ಅಂತ ನಿಮಗೆ ಯಾರು ಹೇಳಿದ್ದು?"

"ಅಪ್ಪ ಹೇಳಿದ್ರಲ್ಲ. ನೀನೊಬ್ಬಳು ಎಲ್ಲದಕ್ಕೂ ಅಪಸ್ವರ."

ಸರಿ, ಒಡೆದರು. ಹಳೆ ಬಚ್ಚಲು ಒಂದೇ ದಿನಕ್ಕೆ ಕಲ್ಲುಮಣ್ಣಿನ ಗುಡ್ಡೆಯಾಯಿತು. ಅತ್ತೆಗೆ ಸಂಭ್ರಮ, ಒಲೆ ಎಲ್ಲಿಡೋದು, ಪಾತ್ರೆ ಎಲ್ಲಿಡೋದು ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡು ಓಡಾಡಿದರು. ಹೊಸದು ಮುಗಿಯೋವರೆಗೆ ನಾವೆಲ್ಲ ಓಣಿ ತುದಿಯ ಸಾರ್ವಜನಿಕ ಬಚ್ಚಲಿಗೆ ಹೋಗೋದು, ಮಾವನನ್ನು ಬೆಳಗ್ಗೆ ಜತ್ಮಿಕೊ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗೋದು ಅಂತಾಯಿತು. ಸ್ವಲ್ಪ ದಿನದ ಮಾತು ತಾನೇ ಅಂದುಕೊಂಡೆವು. ಸಂದಿಯಲ್ಲಿ ಗೋಡೆ ಮೊಣಕಾಲೆತ್ತರ ಎದ್ದಿತು. ಸರ್ಮಿನ್ ಗೋಡೆಯ ಪಕ್ಕದಲ್ಲೇ ಕಕ್ಕಸಿನ ಗುಂಡಿ ತೋಡಿದ. ಆಚೆಕಡೆ ಮರ್ಗೋನೊ ಪಂಜರದ ಹಕ್ಕಿಗಳಿಗೆ ನೀರಿಡುತ್ತ, ಗುಂಡಿ ನೋಡುತ್ತ, ಕೆಲಸದವರಿಗೆ ಮೊಂಗೊ, ಮೊಂಗೊ ಅನ್ನುತ್ತಿದ್ದರು. ಒಂದು ದಿನ ಅವರಿಗೆ ಚಹಾ ಕೂಡ ಕಳಿಸಿದರು.

ಮಾರನೆಯ ವಾರ ಕಚೇರಿಯವರು ಜೀಪಿನಲ್ಲಿ ಬಂದರು. ಅರ್ಧ ಎದ್ದ ಗೋಡೆಗೆ ಕೆಂಪು ಕಾಗದ ಅಂಟಿಸಿದರು. ಪರವಾನಿಗೆ ಇಲ್ಲ, ಕೆಲಸ ನಿಲ್ಲಿಸಿ. ಅಕ್ಕಪಕ್ಕದವರಿಂದ ದೂರೂ ಇದೆ.

"ಅಕ್ಕಪಕ್ಕ ಅಂದ್ರೆ? ಬಲಗಡೆ ಚರಂಡಿ ಇದೆ. ಚರಂಡಿ ದೂರು ಕೊಡ್ತಾ?" ಅಂದೆ.

ಬಂದಾತ ನೆಲ ನೋಡಿದ. ಓಣಿಯ ಮುಖಂಡ ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟು ಹೇಳುವವನ ಹಾಗೆ ಹೇಳಿದ, "ಮರ್ಗೋನೊ ಅವರ ಬಾವಿ ಆ ಗೋಡೆಯ ಆಚೆಗೇ ಇದೆ. ನಿಮ್ಮ ಗುಂಡಿ ಈಚೆಗೆ. ಅವರು ಕುಡಿಯೋದು ಅದೇ ನೀರು. ಪಾಪ, ಅವರಿಗೆ ಹೇಳೋಕೆ ಸಂಕೋಚ."

ನನಗೆ ಮೈಯೆಲ್ಲ ಉರಿದುಹೋಯಿತು. ಬಾವಿಯ ಮಾತು ನ್ಯಾಯವೇ. ಯಾರು ಇಲ್ಲ ಅಂದರು? ಗುಂಡಿಯನ್ನು ಮನೆ ಮುಂದಕ್ಕೆ ತೋಡುತ್ತಿದ್ದೆವು! ಒಂದು ಮಾತು, ಒಂದೇ ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ನಾನು ಅಡುಗೆಯ ಕೈಯಲ್ಲೇ ಪಕ್ಕದ ಮನೆಗೆ ನುಗ್ಗಿದೆ.

"ಮೊಂಗೊ, ಬಾಮ್ಮಾ, ಕೂತ್ಕೊ," ಅಂದರು ಮರ್ಗೋನೊ. ತೆಳ್ಳಗಿನ ಮುದುಕ, ಬಿಳಿ ಮೀಸೆ, ಯಾವಾಗಲೂ ನಗು. "ನಿಂಗ್ರುಮ್, ಚಹಾ ತಾ." ನಿಂಗ್ರುಮ್ ಅವರ ಮಗಳು, ಶಾಲೆಯಲ್ಲಿ ಟೀಚರು.

"ಚಹಾ ಬೇಡ. ಗುಂಡಿ ಮುಂದಕ್ಕೆ ಹಾಕ್ತೀವಿ, ನಿಮ್ಮ ಬಾವಿಯಿಂದ ದೂರ. ಹೊಸ ನಕ್ಷೆ ಬರೆಸ್ತೀನಿ. ಆಗ ಸಹಿ ಹಾಕ್ತೀರೋ ಇಲ್ವೋ? ಅಷ್ಟು ಹೇಳಿ."

"ಮೊದಲು ಚಹಾ ಕುಡಿ. ನಿನ್ನ ಮಾವನ ಕಾಲು ಹೇಗಿದೆ ಈಗ?"

"ಮಾವನ ಕಾಲಿಗೇ ಈ ಬಚ್ಚಲು ಬೇಕಿದ್ದು! ಹೂಂ ಅಂತೀರೋ ಊಹೂಂ ಅಂತೀರೋ?"

"ಅಯ್ಯೋ, ನಮ್ಮದೇನಿದೆ... ಮೊಂಗೊ, ನಿಮ್ಮಿಷ್ಟ..."

"ನಮ್ಮಿಷ್ಟ ಆಗಿದ್ರೆ ಕಳ್ಳರ ಥರ ಹಿಂದಿನಿಂದ ದೂರು ಯಾಕೆ ಕೊಟ್ರಿ?"

ಅವರ ನಗು ಹಾಗೇ ಇತ್ತು, ಕಿವಿ ಮಾತ್ರ ಕೆಂಪಗಾದವು. ಬಾಗಿಲಾಚೆ ಓಣಿಯವರೆಲ್ಲ ಸೇರಿಬಿಟ್ಟಿದ್ದರು. ನಿಂಗ್ರುಮ್ ತಂದ ಚಹಾ ಮೇಜಿನ ಮೇಲೆ ಆರುತ್ತಿತ್ತು. ನಾನು ಎದ್ದು ಬಂದೆ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಕಳ್ಳ ಅಂದ್ಯಂತೆ! ದೊಡ್ಡವರಿಗೆ! ನಾಳೆ ನಾನು ಯಾವ ಮುಖ ಇಟ್ಕೊಂಡು ಅನ್ನ ಮಾರ್ಲಿ? ಹೋಗಿ ತಪ್ಪಾಯ್ತು ಅನ್ನು."

"ತಪ್ಪು ಮಾಡಿದವರು ಅವರು. ಒಳಗೊಂದು ಹೊರಗೊಂದು."

"ಅದು ಮರ್ಯಾದೆ. ನಿನಗೆ ಅರ್ಥ ಆಗಲ್ಲ."

"ನಿಮ್ಮ ಮರ್ಯಾದೆಗೆ ನಾವು ಓಣಿ ತುದಿಗೆ ಚೊಂಬು ಹಿಡ್ಕೊಂಡು ಹೋಗೋದು!"

"ಸಾಕು," ಅಂದರು ಮಾವ ಕೋಣೆಯಿಂದ. ಅವರ ದನಿ ಎದ್ದದ್ದು ಅದೇ ಮೊದಲು. "ಅವನನ್ನ ಏನೂ ಅನ್ಬೇಡಿ."

ಹೊಸ ನಕ್ಷೆ ಬರೆಸಿದೆ. ಕೌಂಟರಿಗೆ ಹೋದೆ. ದೂರು ಕಡತದಲ್ಲಿದೆ, ಕೊಟ್ಟವರು ಹಿಂದಕ್ಕೆ ತಗೊಳ್ಳಬೇಕು, ಸಹಿಯೂ ಬೇಕು ಅಂದಳು ಅದೇ ಹುಡುಗಿ. ಅಷ್ಟರಲ್ಲಿ ಮರ್ಗೋನೊ ಮದಿಯೂನ್ ಊರಿನಲ್ಲಿರುವ ಮಗನ ಮನೆಗೆ ಹೊರಟುಹೋಗಿದ್ದರು. ಯಾವಾಗ ಬರುತ್ತಾರೆ ಅಂದರೆ ನಿಂಗ್ರುಮ್ ನನ್ನ ಕೈ ಹಿಡಿದುಕೊಂಡು, "ಮೊಮ್ಮಕ್ಕಳು ಬಿಡ್ತಿಲ್ಲ ಅಕ್ಕಾ. ಮನೆ ಅಪ್ಪನ ಹೆಸರಲ್ಲಿದೆ, ನಾನು ಸಹಿ ಹಾಕೋ ಹಾಗಿಲ್ಲ. ದಯವಿಟ್ಟು ಬೇಜಾರು ಮಾಡ್ಕೋಬೇಡಿ," ಅಂದಳು. ಎಷ್ಟು ಮೆತ್ತಗೆ ಅಂದಳು ಅಂದರೆ ನನಗೆ ಬೈಯೋದಕ್ಕೂ ಏನೂ ಸಿಗಲಿಲ್ಲ. ಅಪ್ಪ ಬರುವವರೆಗೆ ನಮ್ಮ ಬಚ್ಚಲಿಗೇ ಬನ್ನಿ, ಮೊಂಗೊ, ಅಂತಲೂ ಅಂದಳು. ಅವರ ಬಚ್ಚಲಿಗೂ ಮೆಟ್ಟಿಲಿತ್ತು.

ಸರ್ಮಿನ್ ಕೊಯ್ಲಿಗೆ ಹೋದ. ಮಳೆಗಾಲ ಹಿಡಿಯಿತು. ಕೆಂಪು ಕಾಗದದ ಬಣ್ಣ ಇಳಿದು ಗೋಡೆಯ ಇಟ್ಟಿಗೆಯೆಲ್ಲ ಕೆಂಪಾಯಿತು. ಮಳೆಯಲ್ಲಿ ಸ್ಕೂಟರಿನ ಮೇಲೆ ಮಾವನನ್ನು ಕೂರಿಸೋದು ಆಗುತ್ತಿರಲಿಲ್ಲ. ನಾನು ನಡುವೆ ತೂತಿರುವ ಕುರ್ಚಿ, ಕೆಳಗಿಡೋಕೆ ಬಕೆಟ್ಟು ತಂದೆ. ಕೋಣೆಯಲ್ಲೇ ಇಟ್ಟೆ, ಪರದೆ ಕಟ್ಟಿದೆ.

"ಇದನ್ನ ಯಾರು ಚೆಲ್ತಾರೆ?" ಮಾವ ಕೇಳಿದರು.

"ನಾನು. ಯಾಕೆ, ಸೆಕಾರ್‌ದು ಬಳಿದಿಲ್ವಾ?"

ಅವರು ಮುಖ ಗೋಡೆಗೆ ತಿರುಗಿಸಿಕೊಂಡರು. ಸೊಸೆ ಕೈಯಲ್ಲಿ ಬಕೆಟ್ಟು ಎತ್ತಿಸೋದು ಅವರಿಗೆ ಸಾವಿಗಿಂತ ಕಡೆ ಅಂತ ನನಗೆ ಆಗ ಗೊತ್ತಾಗಲಿಲ್ಲ. ಸದ್ಯ, ಮಾವ ಬಕೆಟ್ಟು ಜಾಸ್ತಿ ಬಳಸೋದಿಲ್ಲ, ಕೆಲಸ ಕಡಿಮೆ ಅಂತ ಅಂದುಕೊಂಡೆ. ದೇವರೇ, ಹಾಗೆ ಅಂದುಕೊಂಡಿದ್ದೆ.

ಒಂದು ದಿನ ಅವರ ಮಂಚದ ಕೆಳಗೆ ಗುಡಿಸುವಾಗ ಚಹಾದ ಲೋಟ ಸಿಕ್ಕಿತು, ಪೂರ್ತಿ ತುಂಬಿದ್ದು, ಇರುವೆ ಮುತ್ತಿದ್ದು. ಹಿಂದೆ ಇನ್ನೊಂದು. ಕಿಟಕಿಯಾಚೆ ನೋಡಿದರೆ ಕುಂಡದ ಗಿಡಕ್ಕೆ ಚಹಾ ಸುರಿದು ಸುರಿದು ಮಣ್ಣಿನ ಮೇಲೆ ಚಹಾಪುಡಿ.

"ಅತ್ತೇ, ಮಾವ ನೀರು ಕುಡೀತಿದ್ದಾರಾ?"

"ಕೊಡ್ತೀನಲ್ಲ."

"ಕೊಡ್ತೀರಿ. ಕುಡೀತಿದ್ದಾರಾ?"

ಅತ್ತೆ ಅಕ್ಕಿ ಆರಿಸುವ ಮೊರ ಕೆಳಗಿಟ್ಟರು. ಅವರಿಗೂ ಗೊತ್ತಿರಲಿಲ್ಲ. ಇಬ್ಬರೂ ಕೋಣೆಗೆ ಹೋದೆವು. ತುಟಿ ಒಡೆದು ಸಿಪ್ಪೆ ಏಳುತ್ತಿತ್ತು, ಮೈ ಕಾಯುತ್ತಿತ್ತು.

"ಯಾಕ್ರೀ ಹೀಗೆ ಮಾಡಿದ್ರಿ?" ಅತ್ತೆ ಗಂಡನ ಭುಜ ಹಿಡಿದು ಅಲ್ಲಾಡಿಸಿದರು. "ಯಾಕ್ರೀ?"

"ಯಾರಿಗೂ ತೊಂದರೆ ಬೇಡ ಅಂತ," ಅಂದರು ಮಾವ.

ಆಸ್ಪತ್ರೆಗೆ ಸೇರಿಸಿದೆವು. ಮೂತ್ರದಲ್ಲಿ ಸೋಂಕು, ಕಿಡ್ನಿಗೆ ಹತ್ತಿದೆ ಅಂದರು. ಜತ್ಮಿಕೊ ಕಾರ್ಖಾನೆಯಿಂದ ಬಂದು ಹೊರಗಿನ ಬೆಂಚಿನಲ್ಲಿ ಕೂತರೆ ಏಳುತ್ತಿರಲಿಲ್ಲ. ನಾನು ಅನ್ನ, ಕೋಳಿ ಸಾರು ತಂದರೆ ಡಬ್ಬಿ ಹಾಗೇ ವಾಪಸ್ಸು.

"ಕೆಲಸ ಶುರು ಮಾಡಿ ಅಂದಿದ್ದು ನಾನು," ಅಂದ ಒಂದು ಸಲ.

"ಹೌದು, ನೀವೇ," ಅಂದೆ. ಸುಳ್ಳು ಹೇಳಿ ಸಮಾಧಾನ ಮಾಡೋದು ನನಗೆ ಬರೋದಿಲ್ಲ.

ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಮಾವನ ಹತ್ತಿರ ನಾನೊಬ್ಬಳೇ ಇದ್ದೆ. ಹತ್ತಿ ಅದ್ದಿ ತುಟಿ ಒರೆಸುತ್ತಿದ್ದೆ.

"ತಿಯುರ್ಮಾ, ಅವನ ಮೇಲೆ ಸಿಟ್ಟಿಟ್ಕೋಬೇಡ," ಅಂದರು. "ಅವತ್ತು ಮೊಂಗೊ ಅಂದನಲ್ಲ, ಆಗ ಅವನು ನನ್ನ ಮುಖ ನೋಡ್ಲಿಲ್ಲ. ಬಾವಿ ನೋಡ್ದ. ನನಗೆ ಅವತ್ತೇ ಗೊತ್ತಾಯ್ತು."

ಹತ್ತಿ ನನ್ನ ಕೈಯಲ್ಲೇ ಉಳಿಯಿತು. "ಏನು ಗೊತ್ತಾಯ್ತು?"

"ಬೇಡ ಅಂದ ಅಂತ."

"ಮತ್ತೆ ನಮಗೆ ಯಾಕೆ ಹೇಳ್ಲಿಲ್ಲ ಮಾವಾ?"

"ಗೆಳೆಯ ನನಗೆ ಇಲ್ಲ ಅಂದ ಅಂತ ಹೇಗಮ್ಮ ಹೇಳ್ಲಿ, ಸೊಸೆ ಮುಂದೆ? ಅವನಿಗೂ ಅವಮಾನ, ನನಗೂ ಅವಮಾನ. ಗುಂಡಿ ತೋಡೋದು ನೋಡಿ ಇನ್ನೊಂದ್ಸಲ ಬಂದು ಹೇಳ್ತಾನೆ ಅಂದ್ಕೊಂಡೆ. ಅವನು, ಇವನೇ ಅರ್ಥ ಮಾಡ್ಕೊಂಡು ನಿಲ್ಲಿಸ್ತಾನೆ ಅಂದ್ಕೊಂಡ."

ಕಿರುಚಬೇಕು ಅನ್ನಿಸಿತು. ಆ ವಾರ್ಡಿನಲ್ಲಿ, ಎಲ್ಲ ರೋಗಿಗಳೂ ಎದ್ದು ಕೂರುವ ಹಾಗೆ. ಕಿರುಚಲಿಲ್ಲ. ಮತ್ತೆ ಹತ್ತಿ ಅದ್ದಿದೆ. ಆ ವಾರ ಕಳೆಯುವ ಮೊದಲೇ ಮಾವ ಹೋದರು.

ಮರ್ಗೋನೊ ಮದಿಯೂನಿನಿಂದ ಓಡಿಬಂದರು. ಶವದ ಪೆಟ್ಟಿಗೆಗೆ ಹೆಗಲು ಕೊಟ್ಟರು, ಚರ್ಚಿನಲ್ಲಿ ನಮಗಿಂತ ಹೆಚ್ಚು ಅತ್ತರು. ನಾಟಕವಲ್ಲ, ನಿಜವಾಗಿಯೇ ಅತ್ತರು. ಅದೇ ನನಗೆ ತಡೆಯಲಾಗಲಿಲ್ಲ. ಬಂದವರ ಊಟವೆಲ್ಲ ಮುಗಿದ ಮೇಲೆ ನಿಂಗ್ರುಮ್ ಎರಡೂ ಕೈಯಲ್ಲಿ ಹಿಡಿದು ಒಂದು ಕಾಗದ ತಂದುಕೊಟ್ಟಳು. ಅಭ್ಯಂತರವಿಲ್ಲ ಅಂತ ಬರೆದು ಸಹಿ ಹಾಕಿತ್ತು. ದೂರು ವಾಪಸ್ಸು ತಗೊಂಡದ್ದರ ಪ್ರತಿಯೂ ಜೊತೆಗಿತ್ತು.

ಅತ್ತೆ ಅದನ್ನು ಹಣೆಗೊತ್ತಿಕೊಂಡರು. ನಾನು ಹರಿದುಹಾಕುತ್ತಿದ್ದೆ, ಆದರೆ ನಮಗೂ ಬಚ್ಚಲು ಬೇಕಿತ್ತು. ಪರವಾನಿಗೆ ಬಂತು. ಸರ್ಮಿನ್ ಬಂದ. ಬಚ್ಚಲೂ ಆಯಿತು. ಮಾವನಿಗೆ ಅಂತ ಮೊದಲೇ ತಂದಿಟ್ಟ ಕಮೋಡು, ಸರಳು ಎರಡನ್ನೂ ಹಾಕಿಸಿದೆವು. ಆ ಸರಳಿನ ಮೇಲೆ ಈಗ ಸೆಕಾರ್ ಟವೆಲ್ಲು ಒಣಹಾಕುತ್ತಾಳೆ. ಅತ್ತೆ ಮಾತ್ರ ಇವತ್ತಿಗೂ ಚೊಂಬು ಹಿಡಿದು ಓಣಿ ತುದಿಗೇ ಹೋಗುತ್ತಾರೆ.

ಮುಂದಿನ ಮಳೆಗಾಲ ಕಳೆದ ಮೇಲೆ, ಒಂದು ಭಾನುವಾರ ನಿಂಗ್ರುಮ್ ಬಂದಳು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಬಗಲಲ್ಲಿ ನಕ್ಷೆಯ ಸುರುಳಿ. ನಾನು ಜಗಲಿಯಲ್ಲಿ ಬೀನ್ಸ್ ಮುರಿಯುತ್ತಿದ್ದೆ, ಪಕ್ಕದಲ್ಲಿ ಸೆಕಾರ್ ಲೆಕ್ಕ ಮಾಡುತ್ತಿದ್ದಳು.

"ಅಪ್ಪನ ಮಂಡಿ ಪೂರ್ತಿ ಹೋಗಿದೆ ಅಕ್ಕಾ," ಅಂದಳು. "ನಿನ್ನೆ ಬಚ್ಚಲ ಮೆಟ್ಟಿಲಲ್ಲಿ ಜಾರಿದ್ರು. ಅವರ ಕೋಣೆ ಪಕ್ಕಕ್ಕೇ ಒಂದು ಚಿಕ್ಕದು ಕಟ್ಟಿಸೋಣ ಅಂತ. ನಿಮ್ಮ ಗೋಡೆಗೆ ಒಂದು ಗೇಣು ಬಿಟ್ಟೇ ಕಟ್ತೀವಿ. ಕಚೇರೀಲಿ ನಿಮ್ಮ ಮನೆಯವರ ಸಹಿ ಕೇಳ್ತಾರಲ್ಲ..." ಜೋಳಿಗೆಯಲ್ಲಿ ತಡಕಾಡಿದಳು. "ಅಯ್ಯೋ, ಪೆನ್ನೇ ಮರೆತು ಬಂದೆ."

"ನನ್ನ ಹತ್ರ ಇದೆ ಆಂಟೀ," ಅಂತ ಸೆಕಾರ್ ಡಬ್ಬಿ ತೆರೆದು ಪೆನ್ನು ತೆಗೆದಳು. ಮುಚ್ಚಳ ಬಿಚ್ಚಿ ನನ್ನ ಕಡೆ ಚಾಚಿದಳು.

ಅಡುಗೆಮನೆಯಲ್ಲಿ ಅತ್ತೆಯ ಸೌಟಿನ ಸದ್ದು ನಿಂತಿತು.

ಕಾಗದ ನನ್ನ ಮುಂದೆ ಇತ್ತು. ಬೇಡ ಅನ್ನಬಹುದಿತ್ತು. ಬೇಡ ಅಂದರೆ ಅವಳು ಅಳುತ್ತಿದ್ದಳು, ಕಾಲು ಹಿಡಿಯುತ್ತಿದ್ದಳು, ನಾನು ಬಾಯಿಗೆ ಬಂದದ್ದೆಲ್ಲ ಬೈದು, ಕೊನೆಗೆ ಸಹಿ ಹಾಕಿ ಎಸೆಯುತ್ತಿದ್ದೆ. ನನ್ನನ್ನು ನಾನು ಬಲ್ಲೆ. ಗೋಡೆಯಾಚೆ ಹಕ್ಕಿಗಳು ಕೂಗುತ್ತಿದ್ದವು, ಮುದುಕ ಅವುಗಳ ಜೊತೆ ಏನೋ ಮಾತಾಡುತ್ತಿದ್ದ. ನಾನು ಬೀನ್ಸಿನ ಬುಟ್ಟಿ ಪಕ್ಕಕ್ಕಿಟ್ಟು, ಬೆರಳು ಒರೆಸಿಕೊಂಡು, ಬಾಳೆಹಣ್ಣಿನ ಚಿಪ್ಪನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ನಮ್ಮ ಬಚ್ಚಲ ಕಡೆ ನೋಡಿದೆ.

"ಮೊಂಗೊ, ನಿಂಗ್ರುಮ್," ಅಂದೆ. "ಕೂತ್ಕೊ. ಚಹಾ ಕುಡಿದು ಹೋಗು."

ಎಷ್ಟು ಮೆಲ್ಲಗೆ ಬಂತು ಅಂದರೆ ನನ್ನ ದನಿಯೇ ನನಗೆ ಗುರುತು ಸಿಗಲಿಲ್ಲ. ಅಡುಗೆಮನೆಯಿಂದ ತಿದ್ದುವ ಮಾತೇನೂ ಬರಲಿಲ್ಲ. ನಿಂಗ್ರುಮ್ ಮುಖದ ನಗು ಹಾಗೇ ಇತ್ತು, ಕಿವಿ ಕೆಂಪಗಾದವು.

ಸೆಕಾರ್ ನನ್ನ ಮುಖ ನೋಡಿದಳು. ಹೂಂ ಅಂತಾನಾ, ಊಹೂಂ ಅಂತಾನಾ ಅಂತ ಈ ಸಲ ಅವಳು ಕೇಳಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಸದ್ದಾಗದ ಹಾಗೆ ಡಬ್ಬಿಯೊಳಗೆ ಇಟ್ಟುಕೊಂಡಳು.